ಪದಚರ್ಚೆ: ‘ಎಕ್ಸಾಸರ್ಬೇಷನ್’ಗೆ ಉಲ್ಬಣ ಸಾಕೇ?

ಬಳಗಕ್ಕೆ ನಮಸ್ಕಾರ.

ಸಿಓಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ, ದೀರ್ಘಕಾಲ ಕಾಡುವ ಕಾಯಿಲೆ) ರೋಗಿಗಳಿಗೆಂದು ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಾ ‘ಎಕ್ಸಾಸರ್ಬೇಷನ್’ ಹತ್ತಿರ ಸಿಕ್ಕಿಕೊಂಡಿದ್ದೇನೆ. ಶ್ವಾಸಕೋಶದ ಹಳೆಯ ಕಾಯಿಲೆ ತನ್ನ ಪಾಡಿಗಿದ್ದು, 14 ದಿನದೊಳಗೆ ಏದುಸಿರು, ಕೆಮ್ಮು, ಕಫ ಜೋರಾದರೆ ವೈದ್ಯರು ಹಾಗೆನ್ನುತ್ತಾರೆ. ಬಹಳ ಸಲ ಅದರ ಹಿಂದಿರುವುದು ವೈರಸ್ಸೇ. ಮಾಮೂಲಿ ನೆಗಡಿ ತರುವ ರೈನೋವೈರಸ್ ಮುಖ್ಯ. ಫ್ಲೂ ವೈರಸ್, ಉಸಿರಾಟದ ಸೋಂಕು ತರುವ ಆರ್‌ಎಸ್‌ವಿ ಎಂಬ ವೈರಸ್ ಕೂಡ ಉಂಟು.

ನಿಘಂಟಿನ ‘ಉಲ್ಬಣ’ ನನಗೆ ಹಿಡಿಸುತ್ತಿಲ್ಲ. ‘ರೋಗ ಉಲ್ಬಣಿಸಿ’ ಎಂದು ಪತ್ರಿಕೆಯಲ್ಲಿ ಕಂಡರೆ ಮುಂದಿನ ಪದ ‘ನಿಧನರಾದರು’ ಎಂದೇ ಓದಿಕೊಳ್ಳುವವರು ನಾವು. ಇಲ್ಲಿ ಏರಿದ್ದು ಬಹುಮಟ್ಟಿಗೆ ಇಳಿಯುತ್ತದೆ. ಮೇಲಾಗಿ ಇದನ್ನು ಎಣಿಸಬೇಕು: ವರ್ಷಕ್ಕೆ 2 ಸಲ ಅಥವಾ ಹೆಚ್ಚು ಬಂದರೆ ಔಷಧಿಯೇ ಬದಲಾಗಬಹುದು. ‘ನನಗೆ ಎರಡು ಉಲ್ಬಣಗಳಾದವು’ ಎಂದು ಯಾವ ರೋಗಿ ಹೇಳಿಯಾನು?

ನಮ್ಮಜ್ಜಿ ‘ಗೂರಲು ಎದ್ದಿದೆ’ ಅನ್ನುತ್ತಿದ್ದರು. (ಬೀಡಿ ಮುಟ್ಟಿದವರಲ್ಲ, ಸೌದೆ ಒಲೆಯ ಹೊಗೆಯಲ್ಲಿ ಆಯುಷ್ಯ ಕಳೆದವರು.) ಧಾರವಾಡದ ಗೆಳೆಯನದು ‘ದಮ್ಮು ಹತ್ತೇತಿ’. ಎರಡೂ ಜೀವಂತ ಮಾತು, ಆದರೆ ಗೂರಲು, ದಮ್ಮು, ಉಬ್ಬಸ ಎಲ್ಲವೂ ಅಸ್ತಮಾಕ್ಕೂ ಸಲ್ಲುತ್ತವೆ. ಕೈಪಿಡಿಯೋ ಅಸ್ತಮಾ, ಸಿಓಪಿಡಿ ಎರಡನ್ನೂ ಬೇರೆ ಮಾಡಲು ಒಂದಿಡೀ ಪುಟ ಖರ್ಚು ಮಾಡಿದೆ!

ವೈರಸ್ಸನ್ನು ಮೂಲದಲ್ಲಿ ‘ಟ್ರಿಗರ್’ ಎಂದಿದ್ದಾರೆ. ‘ಪ್ರಚೋದಕ’ ಎಂದರೆ ಎಫ್‌ಐಆರ್ ಓದಿದಂತಿರುತ್ತದೆ. ‘ನೆಗಡಿ ಎದೆಗಿಳಿದು ಕಾಯಿಲೆಯನ್ನು ಕೆರಳಿಸಿತು’ ಎಂದು ಬರೆದೆ. ರೈನೋವೈರಸ್ ಮೂಗಿನಿಂದ ಶ್ವಾಸನಾಳಗಳಿಗೂ ನಿಜವಾಗಿ ಇಳಿಯುವುದರಿಂದ ಮಾತು ಸುಳ್ಳಾಗದು. ‘ಶೀತ’ವನ್ನು ಬೇಕೆಂದೇ ಬಿಟ್ಟೆ. ಶೀತ ಅಂದೊಡನೆ ಜನ ತಣ್ಣೀರನ್ನೋ ಮೊಸರನ್ನೋ ದೂರುತ್ತಾರೆ, ಒಬ್ಬರಿಂದ ಒಬ್ಬರಿಗೆ ಅಂಟುವ ಸೋಂಕು ನೆನಪಾಗುವುದಿಲ್ಲ. ಮುಂದಿನ ಪುಟದ ಫ್ಲೂ ಲಸಿಕೆ ಯಾಕೆಂದೇ ತಿಳಿಯದು. ‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂದು ನಗುತ್ತೇವಲ್ಲ, ಈ ರೋಗಿಗಳಿಗೆ ಅದರ ಮೊದಲರ್ಧ ತಮಾಷೆಯಲ್ಲ.

ಸದ್ಯ ‘ಕೆರಳು’ವಿನ ಕಡೆಗೇ ನನ್ನ ಒಲವು. ಹುಣ್ಣು ಕೆರಳುತ್ತದೆ, ಮತ್ತೆ ತಣಿಯುತ್ತದೆ. ‘ಈ ವರ್ಷ ಎಷ್ಟು ಸಲ ಕೆರಳಿತು?’ ಎಂದು ಕೇಳಲೂ ಬರುತ್ತದೆ. ತೊಡಕಿರುವುದು ನಾಮಪದದಲ್ಲಿ: ‘ಕೆರಳಿಕೆ’ ಅಂದರೆ ಸಿಟ್ಟಿನ ವಾಸನೆ. ದಮ್ಮು ಹೀಗೆ ಏರಿ ಇಳಿಯುವ ಆ ದಿನಗಳಿಗೆ ನಿಮ್ಮ ಸೀಮೆಯಲ್ಲಿ ಹೆಸರೇನಾದರೂ ಇದೆಯೇ? ಕರಾವಳಿ, ಮಲೆನಾಡಿನವರು ದಯವಿಟ್ಟು ಹೇಳಿ.