ಬಿತ್ತನೆ ಆಲೂಗಡ್ಡೆಯ ಮೊಳಕೆ ಬೆಳ್ಳಗೆ ಉದ್ದವಾಗಿ ಬಂದಿದೆ, ನೆಡಬಹುದೇ?

ಪ್ರಶ್ನೆ (ಬನಶಂಕರಿಯಿಂದ):

ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆಯಲ್ಲಿ ನಮ್ಮ ಬಡಾವಣೆಯ ಕೆಲವು ಕುಟುಂಬಗಳು ಸೇರಿ ಗುತ್ತಿಗೆಗೆ ಪಡೆದಿರುವ ಕೆಮ್ಮಣ್ಣಿನ ಜಮೀನಿನಲ್ಲಿ ನನ್ನ ಪಾಲಿಗೆ ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಮಡಿ ಬಂದಿದೆ. ಕಳೆದ ಫೆಬ್ರವರಿಯ ಕೊನೆಯಲ್ಲಿ ಅಂಗಡಿಯಿಂದ ತಂದ ಆಲೂಗಡ್ಡೆಯನ್ನೇ ಅಲ್ಲಿ ನೆಟ್ಟಿದ್ದೆ. ಗಿಡಗಳು ಹುಲುಸಾಗಿ ಬೆಳೆದರೂ ಮೇ ತಿಂಗಳಲ್ಲಿ ಅಗೆದಾಗ ಬುಡಕ್ಕೆ ಮೂರು ನಾಲ್ಕು ಗೋಲಿ ಗಾತ್ರದ ಗಡ್ಡೆಗಳಷ್ಟೇ ಸಿಕ್ಕವು. ಮಳೆಗಾಲದಲ್ಲಿ ಅದೇ ಮಡಿಯಲ್ಲಿ ಟೊಮೇಟೊ ಹಾಕಿದೆ. ಕೆಲವು ಗಿಡಗಳು ಎಲೆ ಹಸಿರಾಗಿರುವಾಗಲೇ ಜೋತುಬಿದ್ದು ಒಣಗುತ್ತಿವೆ.

ಈ ಸಲ ಚಿಕ್ಕಬಳ್ಳಾಪುರದ ರೈತರೊಬ್ಬರಿಂದ ಐದು ಕಿಲೊ ಕುಫ್ರಿ ಜ್ಯೋತಿ ಬಿತ್ತನೆ ಗಡ್ಡೆ ತಂದು, ಗೋಣಿಚೀಲದ ಬಾಯಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆ. ನಿನ್ನೆ ಬಿಚ್ಚಿ ನೋಡಿದರೆ ಬೆರಳುದ್ದದ ಬಿಳಿ ಮೊಳಕೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಿಡಿಸುವಾಗಲೇ ಹಲವು ಮುರಿದವು. ಈ ಗಡ್ಡೆಗಳು ಇನ್ನೂ ಉಪಯೋಗಕ್ಕೆ ಬರುತ್ತವೆಯೇ? ಹೋಳು ಮಾಡಿ ನೆಡಬೇಕೇ, ಇಡಿಯಾಗಿಯೇ? ಈಗ ಅಕ್ಟೋಬರ್ ಮಧ್ಯ; ಕೂಡಲೇ ನೆಡಬೇಕೇ, ಕಾಯಬೇಕೇ?

ಉತ್ತರ 1 (ಯಲಹಂಕದಿಂದ):

ನಾನು ಹಾಸನದ ಕಡೆಯವನು. ಮೇ ತಿಂಗಳು ಬಂತೆಂದರೆ ಜಲಂಧರದ ಬಿತ್ತನೆ ಗಡ್ಡೆಯ ಮೂಟೆಗಳು ನಮ್ಮ ಹಜಾರದಲ್ಲಿ ಬಂದಿಳಿಯುತ್ತಿದ್ದವು. ಅಮ್ಮ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಮೂಟೆ ಬಿಚ್ಚಿ ಗಡ್ಡೆಗಳನ್ನು ನೆಲದ ಮೇಲೆ ಒಂದೇ ಪದರವಾಗಿ ಹರಡುವುದು. ಕತ್ತಲೆಯಲ್ಲಿ ಮೊಳಕೆ ಬೆಳಕನ್ನು ಹುಡುಕುತ್ತಾ ಬೆಳ್ಳಗೆ, ತೆಳ್ಳಗೆ ಉದ್ದವಾಗುತ್ತದೆ. ನೇರ ಬಿಸಿಲು ಬೀಳದ ಬೆಳಕಿನಲ್ಲಿ ಅದೇ ಮೊಳಕೆ ಗಿಡ್ಡವಾಗಿ, ದಪ್ಪವಾಗಿ, ಹಸಿರು ಮಿಶ್ರಿತ ನೇರಳೆ ಬಣ್ಣಕ್ಕೆ ತಿರುಗಿ, ಬುಡದಲ್ಲಿ ಬೇರಿನ ಸಣ್ಣ ಮೊಗ್ಗುಗಳನ್ನು ಕಟ್ಟಿಕೊಳ್ಳುತ್ತದೆ. ಇಂಥ ಮೊಳಕೆ ನೆಡುವಾಗ ಸುಲಭವಾಗಿ ಮುರಿಯುವುದಿಲ್ಲ.

ಆದ್ದರಿಂದ ಗಾಬರಿಯಾಗಬೇಡಿ. ಒಂದೊಂದೇ ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಾದವನ್ನೂ ಸುಕ್ಕುಗಟ್ಟಿದವನ್ನೂ ಬಿಟ್ಟುಬಿಡಿ. ಗಟ್ಟಿಯಾಗಿರುವವುಗಳ ಬಿಳಿ ಮೊಳಕೆಗಳನ್ನು ಬುಡದಲ್ಲಿ ಮುರಿದು, ಕಣ್ಣುಗಳು ಹೆಚ್ಚಾಗಿರುವ ತುದಿ ಮೇಲೆ ಬರುವಂತೆ ಮೊಟ್ಟೆ ಟ್ರೇಗಳಲ್ಲಿ ಕೂರಿಸಿ, ಮಳೆ ಎರಚದ ಬಾಲ್ಕನಿಯಲ್ಲಿಡಿ. ತುದಿಯ ಮೊಳಕೆ ಇರುವವರೆಗೆ ಅದು ಉಳಿದ ಕಣ್ಣುಗಳನ್ನು ತಡೆದಿಡುತ್ತದೆ. ಅದನ್ನು ತೆಗೆದರೆ ನಾಲ್ಕಾರು ಕಣ್ಣುಗಳು ಒಟ್ಟಿಗೆ ಒಡೆಯುತ್ತವೆ. ಇದನ್ನು ಒಂದು ಸಲ ಮಾತ್ರ ಮಾಡಿ, ಪದೇ ಪದೇ ಮುರಿದರೆ ಗಡ್ಡೆಯ ಶಕ್ತಿ ಸೋರಿಹೋಗುತ್ತದೆ. ಬೆಳಕಿಗೆ ಹಸಿರಾದ ಗಡ್ಡೆಯಲ್ಲಿ ಸೊಲನಿನ್ ಎಂಬ ವಿಷ ಹೆಚ್ಚುವುದರಿಂದ, ಉಳಿದವನ್ನು ದಯವಿಟ್ಟು ಪಲ್ಯಕ್ಕೆ ಬಳಸಬೇಡಿ.

ಮೂರು ವಾರಗಳಲ್ಲಿ, ಅಂದರೆ ನವೆಂಬರ್ ಮೊದಲ ವಾರದ ಹೊತ್ತಿಗೆ, ಅರ್ಧ ಅಂಗುಲದ ಮೊಳಕೆ ಬಂದಿರುತ್ತದೆ. ನೆಡಲು ಅದೇ ಸರಿಯಾದ ಸಮಯ. ರಾತ್ರಿಯ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಹಾಗಿರುತ್ತವೆ. ಫೆಬ್ರವರಿ ಕೊನೆಯಲ್ಲಿ ನೆಟ್ಟ ಗಿಡ ಗಡ್ಡೆ ಕಟ್ಟುವ ಹೊತ್ತಿಗೆ ಏಪ್ರಿಲ್ ಸೆಕೆ ಬಂದಿರುತ್ತದೆ, ಆಗ ಸೊಪ್ಪು ಬೆಳೆಯುತ್ತದೆಯೇ ಹೊರತು ಗಡ್ಡೆ ದಪ್ಪವಾಗುವುದಿಲ್ಲ. ನಿಮಗೆ ಗೋಲಿ ಸಿಕ್ಕಿದ್ದು ಅದರಿಂದಲೇ.

ಸಾಲಿನಿಂದ ಸಾಲಿಗೆ ಎರಡು ಅಡಿ, ಗಡ್ಡೆಯಿಂದ ಗಡ್ಡೆಗೆ ಮುಕ್ಕಾಲು ಅಡಿ ಬಿಟ್ಟು, ಮೂರು ಅಂಗುಲ ಆಳದಲ್ಲಿ ಮೊಳಕೆ ಮೇಲ್ಮುಖವಾಗಿರುವಂತೆ ಇಡಿ. ಇಪ್ಪತ್ತೈದು ಮೂವತ್ತು ದಿನಕ್ಕೆ ಬುಡಕ್ಕೆ ಮಣ್ಣು ಏರಿಸುವುದನ್ನು ಮಾತ್ರ ತಪ್ಪಿಸಬೇಡಿ.

ಉತ್ತರ 2 (ಹೆಸರಘಟ್ಟದಿಂದ):

ಮೇಲಿನವರ ಮಾತೆಲ್ಲ ಸರಿ, ಆದರೆ ನನ್ನ ಕಣ್ಣು ನಿಂತದ್ದು ಆ ಟೊಮೇಟೊ ಗಿಡಗಳ ಮೇಲೆ. ಎಲೆ ಹಳದಿಯಾಗದೆ ಹಸಿರಾಗಿಯೇ ಜೋತುಬೀಳುವುದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಲಕ್ಷಣ. ಮಣ್ಣಿನಲ್ಲಿ ಉಳಿಯುವ ಈ ರೋಗ ಆಲೂಗಡ್ಡೆ, ಬದನೆ, ಮೆಣಸಿನಕಾಯಿಗಳಿಗೂ ತಗಲುತ್ತದೆ. ಈಗಷ್ಟೇ ಬಾಡುತ್ತಿರುವ ಒಂದು ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನ ಎಳೆಯಂಥದ್ದು ಕೆಳಕ್ಕೆ ಇಳಿದರೆ ಅನುಮಾನವೇ ಬೇಡ, ಆ ಮಡಿಯಲ್ಲಿ ಈ ವರ್ಷ ಆಲೂಗಡ್ಡೆ ನೆಡಬೇಡಿ. ಕೆಲವು ವರ್ಷ ರಾಗಿ, ಜೋಳ ಹಾಕಿ.

ಹೋಳು ಮಾಡುವ ವಿಚಾರಕ್ಕೂ ಇದೇ ಕಾರಣದಿಂದ ಬೇಡವೆನ್ನುತ್ತೇನೆ. ಚಾಕು ಒಂದು ಗಡ್ಡೆಯ ರೋಗವನ್ನು ಮುಂದಿನದಕ್ಕೆ ದಾಟಿಸುತ್ತದೆ. ಹಿಂಗಾರು ಮಳೆಯ ಹಸಿಗೆ ಹೋಳು ಕೊಳೆಯುವುದೂ ಉಂಟು. ಕೋಳಿಮೊಟ್ಟೆ ಗಾತ್ರದ ಗಡ್ಡೆಯನ್ನು ಇಡಿಯಾಗಿಯೇ ನೆಡಿ. ಐದು ಕಿಲೊದಲ್ಲಿ ನೂರಕ್ಕೆ ಹತ್ತಿರ ಗಡ್ಡೆಗಳಿರುತ್ತವೆ, ಮಡಿಯ ಬಹುಪಾಲಿಗೆ ಅವು ಸಾಕು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಇಂದು ಬೆಳಿಗ್ಗೆ ಲೋಟದ ಪರೀಕ್ಷೆ ಮಾಡಿದೆ. ಎರಡು ನಿಮಿಷವೂ ಆಗಿರಲಿಲ್ಲ, ಕಾಂಡದ ತುದಿಯಿಂದ ಬಿಳಿಯ ಎಳೆಯೊಂದು ಹೊಗೆಯಂತೆ ಇಳಿದು ತಳದಲ್ಲಿ ಹರಡಿಕೊಂಡಿತು. ಬಾಡಿದ ಗಿಡಗಳನ್ನೆಲ್ಲ ಬೇರುಸಹಿತ ಕಿತ್ತು ಸುಟ್ಟೆವು. ಮೇಲ್ಗಡೆಯ ಮಡಿಯವರು ಮುಸುಕಿನ ಜೋಳ ಕೊಯ್ದು ನೆಲ ಖಾಲಿ ಬಿಟ್ಟಿದ್ದರು. ಒಂದು ಬೆಳೆಯ ಮಟ್ಟಿಗೆ ಮಡಿ ಬದಲಿಸಿಕೊಳ್ಳಲು ಅವರು ಒಪ್ಪಿದ್ದಾರೆ, ನನ್ನ ಮಡಿಯಲ್ಲಿ ಅವರು ಮತ್ತೆ ಜೋಳವನ್ನೇ ಹಾಕುತ್ತಾರೆ. ಗಡ್ಡೆಗಳಲ್ಲಿ ಹದಿನೆಂಟು ಮೆತ್ತಗಾಗಿದ್ದವು, ಉಳಿದವು ಬಾಲ್ಕನಿಯಲ್ಲಿ ನಾಲ್ಕು ಟ್ರೇಗಳಲ್ಲಿ ಕುಳಿತಿವೆ.

ಉತ್ತರ 2 ಬರೆದವರು:

ಬಹಳ ಒಳ್ಳೆಯದಾಯಿತು. ಮಡಿ ಮೇಲ್ಗಡೆಯದು ಎಂಬುದು ಇನ್ನೂ ಒಳ್ಳೆಯದು, ಏಕೆಂದರೆ ಈ ರೋಗ ಹರಿಯುವ ನೀರಿನ ಜೊತೆ ಕೆಳಕ್ಕೆ ಸಾಗುತ್ತದೆ. ನಿಮ್ಮ ಹಳೆಯ ಮಡಿಯಲ್ಲಿ ಬಳಸಿದ ಗುದ್ದಲಿ, ಚಪ್ಪಲಿಗಳನ್ನು ಚೆನ್ನಾಗಿ ತೊಳೆಯದೆ ಹೊಸ ಮಡಿಗೆ ಹೋಗಬೇಡಿ.