ಮೊದಲ ಗೇಮಿಂಗ್ ಕಂಪ್ಯೂಟರ್: ಈ ಬಿಡಿಭಾಗಗಳ ಪಟ್ಟಿಯಲ್ಲಿ ಎಡವಿರುವುದು ಎಲ್ಲಿ?

ಪ್ರಶ್ನೆ

ಕಂಪ್ಯೂಟರನ್ನು ಮೊದಲ ಬಾರಿಗೆ ನಾನೇ ಜೋಡಿಸಬೇಕೆಂದು ಹೊರಟಿದ್ದೇನೆ. ಹಣ ಸೀಮಿತವಾಗಿದೆ. 1080ಪಿ ಪರದೆಯಲ್ಲಿ ಈಚಿನ ಆಟಗಳನ್ನು ಮಧ್ಯಮ ಗುಣಮಟ್ಟದಲ್ಲಿ, ಸೆಕೆಂಡಿಗೆ 60 ಫ್ರೇಮುಗಳಿಗಿಂತ ಕೆಳಗೆ ಇಳಿಯದಂತೆ ಆಡಲು ಸಾಧ್ಯವಾದರೆ ಅಷ್ಟೇ ಸಾಕು. ನಾನು ಆರಿಸಿರುವುದು ಇಷ್ಟು: ರೈಜೆನ್ 5 5500 ಪ್ರೊಸೆಸರ್, ಎ520 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 16 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್, 4 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್, 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಪ್ರೊಸೆಸರಿಗೆ ಲಿಕ್ವಿಡ್ ಕೂಲರ್, ಮುಂಭಾಗ ಪೂರ್ತಿ ಗಾಜಿನದಾಗಿರುವ ಬಣ್ಣದ ದೀಪಗಳ ಕ್ಯಾಬಿನೆಟ್, ಮತ್ತು ಆ ಕ್ಯಾಬಿನೆಟ್ಟಿನ ಜೊತೆಗೇ ಬರುವ, 600 ವಾಟ್ ಎಂದು ಬರೆದಿರುವ ಪವರ್ ಸಪ್ಲೈ.

ಕೊಳ್ಳುವ ಮುನ್ನ ಕೇಳಲು ಕಾರಣವಿದೆ. ಪರಿಚಿತರೊಬ್ಬರ ಬಳಿ ಇದೇ ಪ್ರೊಸೆಸರ್ ಮತ್ತು ಇದೇ ಕಾರ್ಡ್ ಇವೆ. ಅವರ ಯಂತ್ರದಲ್ಲಿ ಆಟ ಕೆಲ ನಿಮಿಷ ಸರಾಗವಾಗಿ ಓಡಿ, ಹೊಸ ಪ್ರದೇಶವೊಂದನ್ನು ಹೊಕ್ಕೊಡನೆ ತಡವರಿಸತೊಡಗುತ್ತದೆ. ಪ್ರೊಸೆಸರಿನ ಬಳಕೆ ಅರ್ಧವನ್ನೂ ದಾಟಿರುವುದಿಲ್ಲ, ತಾಪಮಾನವೂ ಸಾಧಾರಣವಾಗಿಯೇ ಇರುತ್ತದೆ. ಹಾಗಿದ್ದರೆ ತೊಂದರೆ ಎಲ್ಲಿಯದು?

ಉತ್ತರ 1

ನಿಮ್ಮ ಪಟ್ಟಿಯ ಒಂದೊಂದು ಭಾಗವನ್ನೂ ಬಿಡಿಯಾಗಿ ನೋಡಿದರೆ ಆಕ್ಷೇಪಿಸಲು ಹೆಚ್ಚೇನೂ ಇಲ್ಲ, ಆದರೆ 5500 ಮತ್ತು 6500 ಎಕ್ಸ್‌ಟಿ ಒಂದೇ ಯಂತ್ರದಲ್ಲಿ ಕೂಡಿದಾಗ ಪರಸ್ಪರರ ಕೊರತೆಯನ್ನು ಹೆಚ್ಚಿಸುತ್ತವೆ. ನಿಮ್ಮ ಪರಿಚಿತರ ಯಂತ್ರದಲ್ಲಿ ಕಾಣುತ್ತಿರುವುದು ಬಹುಮಟ್ಟಿಗೆ ಅದೇ.

ಗ್ರಾಫಿಕ್ಸ್ ಕಾರ್ಡ್ ಮದರ್‌ಬೋರ್ಡಿನ ಉದ್ದನೆಯ 16 ಲೇನುಗಳ (ದತ್ತಾಂಶ ಸಾಗುವ ದಾರಿಗಳ) ಸ್ಲಾಟಿನಲ್ಲಿ ಕುಳಿತರೂ ಎಲ್ಲ ಕಾರ್ಡುಗಳೂ 16 ಲೇನುಗಳನ್ನು ಬಳಸುವುದಿಲ್ಲ. 6500 ಎಕ್ಸ್‌ಟಿ ಬಳಸುವುದು ಕೇವಲ 4. ಕಾರ್ಡನ್ನು ಪ್ರೊಸೆಸರಿಗೆ ಬೆಸೆಯುವ ಪಿಸಿಐಇ ಎಂಬ ಸಂಪರ್ಕದ 4.0 ಆವೃತ್ತಿಯಲ್ಲಿ ಈ ನಾಲ್ಕು ಲೇನುಗಳಿಂದ ಸೆಕೆಂಡಿಗೆ ಸುಮಾರು 8 ಜಿಬಿ ದತ್ತಾಂಶ ಸಾಗುತ್ತದೆ. ಆದರೆ ರೈಜೆನ್ 5 5500 ಬೆಂಬಲಿಸುವುದು ಪಿಸಿಐಇ 3.0 ಅನ್ನು ಮಾತ್ರ, ಆದ್ದರಿಂದ ಸಾಗಣೆ ಸುಮಾರು 4 ಜಿಬಿಗೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 144 ಜಿಬಿ. ಆಟದ ಟೆಕ್ಸ್ಚರುಗಳು, ಅಂದರೆ ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು, 4 ಜಿಬಿಯೊಳಗೆ ಹಿಡಿಸುವವರೆಗೂ ಆ ಕಿರಿದಾದ ದಾರಿಯ ನೆನಪು ಯಾರಿಗೂ ಬರುವುದಿಲ್ಲ. ಹೊಸ ಪ್ರದೇಶ ತೆರೆದುಕೊಂಡು 4 ಜಿಬಿ ತುಂಬಿತೆನ್ನಿ, ಉಳಿದದ್ದು ರ‍್ಯಾಮಿಗೆ ಹೋಗಿ ಕೂರುತ್ತದೆ, ಮತ್ತು ಕಾರ್ಡಿಗೆ ಅದು ಬೇಕಾದಾಗಲೆಲ್ಲ ಅದೇ ಇಕ್ಕಟ್ಟಾದ ದಾರಿಯಲ್ಲಿ ಬರಬೇಕಾಗುತ್ತದೆ. ಆಗ ಪ್ರೊಸೆಸರ್ ಕೈಕಟ್ಟಿ ಕಾಯುತ್ತಿರುವುದರಿಂದಲೇ ಅದರ ಬಳಕೆ ಅಷ್ಟು ಕಡಿಮೆ ಕಾಣುವುದು.

ಇದನ್ನು ಪರೀಕ್ಷಿಸಿ ತಿಳಿಯಬಹುದು. ಟಾಸ್ಕ್ ಮ್ಯಾನೇಜರಿನ ಕಾರ್ಯಕ್ಷಮತೆಯ ಪುಟದಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಆರಿಸಿದರೆ, ಕಾರ್ಡಿಗೆ ಮೀಸಲಾದ ಮೆಮೊರಿಯನ್ನೂ ರ‍್ಯಾಮಿನೊಂದಿಗೆ ಹಂಚಿಕೊಂಡ ಮೆಮೊರಿಯನ್ನೂ ಬೇರೆ ಬೇರೆಯಾಗಿ ತೋರಿಸಲಾಗುತ್ತದೆ. ತಡವರಿಕೆ ಶುರುವಾಗುವ ಹೊತ್ತಿಗೆ ಮೊದಲನೆಯದು 4 ಜಿಬಿಯ ಅಂಚಿಗೆ ತಲುಪಿ ಎರಡನೆಯದು ಏರತೊಡಗಿದ್ದರೆ ಕಾರಣ ಇದೇ ಎಂದು ತಿಳಿಯಿರಿ. ಟೆಕ್ಸ್ಚರ್ ಗುಣಮಟ್ಟವೊಂದನ್ನೇ ಒಂದು ಮೆಟ್ಟಿಲು ಇಳಿಸಿ ನೋಡಲು ನಿಮ್ಮ ಪರಿಚಿತರಿಗೆ ಹೇಳಿ. ನೆರಳು, ಬೆಳಕು ಮೊದಲಾದವನ್ನು ಮುಟ್ಟದೆಯೂ ಆಟ ಸರಿಹೋದರೆ ಬೇರೆ ಸಾಕ್ಷ್ಯ ಬೇಕಿಲ್ಲ.

ನಿಮ್ಮ ಪಟ್ಟಿಗೆ ನಾನು ಸೂಚಿಸುವ ಪರಿಹಾರವೆಂದರೆ ಕಾರ್ಡನ್ನು ಬದಲಿಸುವುದು. ಆರ್‌ಎಕ್ಸ್ 6600 ಕಾರ್ಡಿನಲ್ಲಿ 8 ಜಿಬಿ ಮೆಮೊರಿಯಿದೆ, ಅದರ ವೇಗ ಸೆಕೆಂಡಿಗೆ 224 ಜಿಬಿ, ಮತ್ತು ಅದು 8 ಲೇನುಗಳನ್ನು ಬಳಸುತ್ತದೆ. ಆದ್ದರಿಂದ ಪಿಸಿಐಇ 3.0 ಸಂಪರ್ಕದಲ್ಲಿಯೂ ಅದಕ್ಕೆ ಆಗುವ ನಷ್ಟ ಅಲ್ಪ. ಪರದೆಯ ಚಿತ್ರವನ್ನು ವೀಡಿಯೊ ಆಗಿ ಎನ್‌ಕೋಡ್ ಮಾಡುವ ಯಂತ್ರಾಂಶವೂ ಅದರಲ್ಲಿದೆ, 6500 ಎಕ್ಸ್‌ಟಿಯಲ್ಲಿ ಅದಿಲ್ಲ. ಮುಂದೆ ನಿಮ್ಮ ಆಟವನ್ನು ರೆಕಾರ್ಡ್ ಮಾಡುವ ಯೋಚನೆ ಬಂದಾಗ ಇದರ ಬೆಲೆ ತಿಳಿಯುತ್ತದೆ. ಹೆಚ್ಚಿನ ಹಣ ಎಲ್ಲಿಂದ ಎಂದರೆ, ನಿಮ್ಮ ಪಟ್ಟಿಯಲ್ಲಿಯೇ ಅದು ಅಡಗಿದೆ. 65 ವಾಟಿನ ಪ್ರೊಸೆಸರಿಗೆ ಲಿಕ್ವಿಡ್ ಕೂಲರ್ ಅನವಶ್ಯಕ, ಅದರ ಪೆಟ್ಟಿಗೆಯಲ್ಲಿ ಬರುವ ಕೂಲರೇ ಸಾಕು. ಗಾಜಿನ ಮುಂಭಾಗದ ಕ್ಯಾಬಿನೆಟ್ಟಿಗೆ ಕೊಡುವ ಹಣವಂತೂ ಗಾಳಿಯ ದಾರಿಯನ್ನು ಮುಚ್ಚಲು ಕೊಡುವ ಹಣ. ಜಾಲರಿಯ ಮುಂಭಾಗವಿರುವ ಸರಳವಾದ ಕ್ಯಾಬಿನೆಟ್ಟಿನಲ್ಲಿ ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಇದ್ದರೆ ಈ ಮಟ್ಟದ ಯಂತ್ರ ತಣ್ಣಗಿರುತ್ತದೆ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ನನ್ನ ಕಣ್ಣು ಮೊದಲು ಬಿದ್ದದ್ದು ಆ ಪವರ್ ಸಪ್ಲೈ ಮೇಲೆ. ಕ್ಯಾಬಿನೆಟ್ಟಿನೊಂದಿಗೆ ಸಿಗುವ ಘಟಕದ ಮೇಲೆ 600 ವಾಟ್ ಎಂದು ದಪ್ಪ ಅಕ್ಷರದಲ್ಲಿದ್ದರೂ ಅದರ ಬದಿಯಲ್ಲಿ ಅಂಟಿಸಿದ ಕೋಷ್ಟಕವನ್ನು ಓದದೆ ನಂಬಬೇಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ತಮ್ಮ ವಿದ್ಯುತ್ತನ್ನು ಬಹುತೇಕ 12 ವೋಲ್ಟಿನ ಸಾಲಿನಿಂದಲೇ ಪಡೆಯುತ್ತವೆ. ಆ ಸಾಲಿನ ಎದುರು 25 ಆಂಪಿಯರ್ ಎಂದಷ್ಟೇ ಇದ್ದರೆ, ಹನ್ನೆರಡರಿಂದ ಗುಣಿಸಿ ನೋಡಿ, ನಿಮಗೆ ದಕ್ಕುವುದು 300 ವಾಟ್. ಮಿಕ್ಕದ್ದು ಈ ಯಂತ್ರಕ್ಕೆ ಹೆಚ್ಚು ಬೇಡವಾದ 3.3 ಮತ್ತು 5 ವೋಲ್ಟಿನ ಸಾಲುಗಳನ್ನು ಕೂಡಿಸಿ ಬರೆದ ಲೆಕ್ಕ.

6600 ಕಾರ್ಡಿಗೆ 132 ವಾಟ್, ಪ್ರೊಸೆಸರ್ ಪೂರ್ಣ ಹೊರೆಯಲ್ಲಿ 76 ವಾಟ್, ಉಳಿದ ಭಾಗಗಳಿಗೆ ಧಾರಾಳವಾಗಿ 50 ಎಂದಿಟ್ಟುಕೊಂಡರೂ ಮೊತ್ತ 300ಕ್ಕಿಂತ ಕೆಳಗೇ ನಿಲ್ಲುತ್ತದೆ. ಹಾಗಾಗಿ ಒಳ್ಳೆಯ ಗುಣಮಟ್ಟದ 500 ಅಥವಾ 550 ವಾಟಿನ ಘಟಕ ಬೇಕಾದಷ್ಟಾಯಿತು. 80 ಪ್ಲಸ್ ಬ್ರಾಂಜ್ ಗುರುತು ಇರಲಿ. ಅರ್ಧ ಹೊರೆಯಲ್ಲಿ 85% ದಕ್ಷತೆಯಿದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು, ಅತಿವಿದ್ಯುತ್ತಿನಿಂದ ಅಥವಾ ಶಾರ್ಟ್‌ನಿಂದ ರಕ್ಷಣೆಯಿದೆ ಎಂಬುದನ್ನಲ್ಲ. ಆ ವಿಷಯಕ್ಕೆ ಘಟಕವನ್ನು ಬಿಚ್ಚಿ ಅಳೆದು ಬರೆದ ವಿಮರ್ಶೆಗಳನ್ನು ಓದಬೇಕು. ಹಿಂದೊಮ್ಮೆ ನಾನು ಇಂಥದೇ ಅಗ್ಗದ ಘಟಕವನ್ನು ಬಳಸಿದ್ದೆ. ಅದು ಕೆಡುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ರ‍್ಯಾಮಿನ ಬಗ್ಗೆ ಒಂದು ಮಾತು. 16 ಜಿಬಿಯ ಒಂದರ ಬದಲು 8 ಜಿಬಿಯ ಎರಡನ್ನು, 3200ರ ವೇಗದವನ್ನು, ಒಂದೇ ಪೆಟ್ಟಿಗೆಯಲ್ಲಿ ಜೋಡಿಯಾಗಿ ಬರುವಂತೆ ಕೊಳ್ಳಿ. ಒಂದೇ ಇದ್ದಾಗ ಸೆಕೆಂಡಿಗೆ 25.6 ಜಿಬಿ ಸಾಗುವ ಕಡೆ ಎರಡಿದ್ದಾಗ 51.2 ಜಿಬಿ ಸಾಗುತ್ತದೆ. ಎಸ್‌ಎಸ್‌ಡಿಯ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ಸಾಧಾರಣ ಪಿಸಿಐಇ 3.0 ಎನ್‌ವಿಎಂಇ ಸಾಕು.

ಉತ್ತರ 3

ಇಷ್ಟೆಲ್ಲ ಬದಲಿಸುವುದಾದರೆ ಈ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ಟನ್ನೇ ಕೈಬಿಟ್ಟು ಅದರ ನಂತರದ ಎಎಂ5ಕ್ಕೆ ಹೋಗುವುದು ಲೇಸಲ್ಲವೇ? ಎಎಂ4 ಬಂದದ್ದು 2016ರಲ್ಲಿ. ಹಳೆಯದಕ್ಕೆ ಹಣ ಹಾಕಿ ಎರಡು ವರ್ಷಕ್ಕೆ ಮತ್ತೆ ಎಲ್ಲವನ್ನೂ ಕೊಳ್ಳುವುದು ಜಾಣತನವಲ್ಲ.

ಉತ್ತರ 1 ಬರೆದವರ ಪ್ರತಿಕ್ರಿಯೆ

ಹಣವಿದ್ದವರಿಗೆ ಈ ಮಾತು ಸರಿ. ಎಎಂ5 ಬೋರ್ಡುಗಳಿಗೆ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ. ಬೋರ್ಡ್, ರ‍್ಯಾಮ್, ಪ್ರೊಸೆಸರ್ ಈ ಮೂರರ ಹೆಚ್ಚುವರಿ ವೆಚ್ಚವನ್ನು ಸೀಮಿತ ಹಣದಲ್ಲಿ ಭರಿಸಬೇಕಾದರೆ ಕೊನೆಗೆ ಕತ್ತರಿ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆಯೇ, ಮತ್ತು 1080ಪಿ ಆಟದಲ್ಲಿ ಫ್ರೇಮುಗಳನ್ನು ನಿರ್ಧರಿಸುವುದು ಹೆಚ್ಚಾಗಿ ಅದೇ. ಪ್ರಶ್ನೆ ಕೇಳಿದವರ ಗುರಿ 60 ಫ್ರೇಮು, 240 ಅಲ್ಲ. ಅಲ್ಲದೆ ಎಎಂ4ರಲ್ಲಿ ಮುಂದಿನ ಮೆಟ್ಟಿಲೇ ಇಲ್ಲವೆಂದೂ ಅಲ್ಲ. 2022ರಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಆಟಗಳಲ್ಲಿ ಇಂದಿಗೂ ಸಮರ್ಥವಾದದ್ದು, ಮುಂದೊಂದು ದಿನ ಯಾರೋ ಬಳಸಿ ಮಾರುವುದು ಒಳ್ಳೆಯ ಬೆಲೆಗೆ ಸಿಕ್ಕರೆ ಬಯಾಸ್ (ಬೋರ್ಡಿನಲ್ಲೇ ಇರುವ, ಯಂತ್ರವನ್ನು ಶುರುಮಾಡುವ ತಂತ್ರಾಂಶ) ಹೊಸದಾಗಿಸಿ ಅದೇ ಬೋರ್ಡಿನಲ್ಲಿ ಕೂರಿಸಬಹುದು.

ಕೂಲರಿನಲ್ಲಿ ಉಳಿದ ಹಣಕ್ಕೆ ನಾನಾದರೆ 5500ರ ಬದಲು 5600 ಕೊಳ್ಳುತ್ತೇನೆ. ಎರಡರಲ್ಲೂ 6 ಕೋರುಗಳಿವೆ, ಆದರೆ 5500ರಲ್ಲಿ 16 ಎಂಬಿ ಇರುವ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 5600ರಲ್ಲಿ 32 ಎಂಬಿ ಇದೆ, ಮತ್ತು ಆಟಗಳು ಆ ವ್ಯತ್ಯಾಸವನ್ನು ಗುರುತಿಸುತ್ತವೆ. 5600 ಪಿಸಿಐಇ 4.0 ಬೆಂಬಲಿಸಿದರೂ ಎ520 ಬೋರ್ಡಿನಲ್ಲಿ ಅದು 3.0ಕ್ಕೇ ಇಳಿಯುತ್ತದೆ. 4.0 ಬೇಕೆಂದರೆ ಬಿ550 ಚಿಪ್‌ಸೆಟ್ಟಿನ ಬೋರ್ಡ್ ಬೇಕು. 6600ರ ಮಟ್ಟಿಗೆ ಆ ಆತುರವಿಲ್ಲವೆಂದು ಈಗಾಗಲೇ ಹೇಳಿದ್ದೇನೆ. ಬೋರ್ಡ್ ಹಳೆಯ ದಾಸ್ತಾನಿನದಾದರೆ ಅದರ ಬಯಾಸ್ ಈ ಪ್ರೊಸೆಸರನ್ನು ಗುರುತಿಸದಿರಬಹುದು. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯಾಸ್ ತುಂಬಬಲ್ಲ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡನ್ನೇ ಹುಡುಕಿ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಪರಿಚಿತರ ಯಂತ್ರದಲ್ಲಿ ನೀವು ಹೇಳಿದಂತೆಯೇ ಆಯಿತು. ಟೆಕ್ಸ್ಚರ್ ಇಳಿಸಿದೊಡನೆ ತಡವರಿಕೆ ನಿಂತಿತು. ನಾನು 5600, ಎರಡು ರ‍್ಯಾಮ್ ಸ್ಲಾಟುಗಳ ಎ520 ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, 6600 ಮತ್ತು 550 ವಾಟಿನ ಪವರ್ ಸಪ್ಲೈ ಕೊಂಡು ನಿನ್ನೆ ಜೋಡಿಸಿದೆ. ಫ್ಯಾನುಗಳು ತಿರುಗುತ್ತವೆ, ಪರದೆಯ ಮೇಲೆ ಮಾತ್ರ ಏನೂ ಮೂಡುವುದಿಲ್ಲ. ಬೋರ್ಡಿನ ಅಂಚಿನಲ್ಲಿ ಡಿಆರ್‌ಎಎಂ ಎಂಬ ಬರಹದ ಬಳಿ ಒಂದು ಸಣ್ಣ ದೀಪ ಉರಿಯುತ್ತಲೇ ಇದೆ. ಬಯಾಸ್ ಮೊದಲೇ ಹೊಸದಾಗಿಸಿದ್ದೇನೆ.

ಉತ್ತರ 2 ಬರೆದವರು

ಆ ದೀಪವಿರುವುದು ನಿಮ್ಮ ಅದೃಷ್ಟ, ಅಗ್ಗದ ಹಲವು ಬೋರ್ಡುಗಳಲ್ಲಿ ಅದೂ ಇರುವುದಿಲ್ಲ. ಡಿಆರ್‌ಎಎಂ ಎಂದರೆ ರ‍್ಯಾಮ್, ತೊಂದರೆ ಅಲ್ಲಿದೆ ಎಂದು ಅದು ಹೇಳುತ್ತಿದೆ. ಮೊದಲು ವಿದ್ಯುತ್ ಸಂಪರ್ಕ ತೆಗೆದು, ಎರಡೂ ರ‍್ಯಾಮುಗಳನ್ನು ಹೊರತೆಗೆದು, ಒಂದನ್ನು ಮಾತ್ರ ಮತ್ತೆ ಹಾಕಿ. ಮೊದಲ ಬಾರಿ ಜೋಡಿಸುವವರು ಬೋರ್ಡ್ ಮುರಿದೀತೆಂಬ ಅಂಜಿಕೆಯಿಂದ ತಡೆ ಸಿಕ್ಕಲ್ಲಿಗೇ ನಿಲ್ಲಿಸುತ್ತಾರೆ. ಎರಡೂ ತುದಿಗಳನ್ನು ಸಮನಾಗಿ, ಕೊಕ್ಕೆ ತಾನಾಗಿ ಟಕ್ಕೆಂದು ಮುಚ್ಚುವವರೆಗೆ ಒತ್ತಬೇಕು. ಕೆಲವು ಬೋರ್ಡುಗಳಲ್ಲಿ ಕೊಕ್ಕೆ ಒಂದೇ ಬದಿಗಿರುವುದರಿಂದ ಇನ್ನೊಂದು ತುದಿ ಅರ್ಧಕ್ಕೇ ನಿಂತದ್ದು ಗೊತ್ತಾಗುವುದಿಲ್ಲ. ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೇ ಎಂಬುದನ್ನೂ ನೋಡಿ, ಏಕೆಂದರೆ 5600ರೊಳಗೆ ಗ್ರಾಫಿಕ್ಸ್ ಇಲ್ಲದಿರುವುದರಿಂದ ಬೋರ್ಡಿನ ಎಚ್‌ಡಿಎಂಐ ಕಿಂಡಿಯಿಂದ ಚಿತ್ರ ಬಾರದು.

ಪ್ರಶ್ನೆ ಕೇಳಿದವರು

ಎರಡನೆಯ ರ‍್ಯಾಮಿನ ಒಂದು ತುದಿ ಕೂದಲೆಳೆಯಷ್ಟು ಮೇಲಿತ್ತು. ಗಟ್ಟಿಯಾಗಿ ಒತ್ತಿದ ಮೇಲೆ ಚಿತ್ರ ಬಂತು, ವಿಂಡೋಸ್ ಕೂಡ ಅಳವಡಿಸಿದೆ. ಆದರೆ ಟಾಸ್ಕ್ ಮ್ಯಾನೇಜರಿನಲ್ಲಿ ರ‍್ಯಾಮಿನ ವೇಗ 2133 ಎಂದು ತೋರಿಸುತ್ತಿದೆ. ಮೋಸಹೋದೆನೇ?

ಉತ್ತರ 1 ಬರೆದವರು

ಇಲ್ಲ. ಬೋರ್ಡ್ ಸಾಮಾನ್ಯವಾಗಿ ಇಂಥ ರ‍್ಯಾಮನ್ನು ಮೊದಲು ಸುರಕ್ಷಿತವಾದ ಕನಿಷ್ಠ ವೇಗದಲ್ಲಿಯೇ ಓಡಿಸುತ್ತದೆ. 3200 ಎಂಬುದು ರ‍್ಯಾಮಿನೊಳಗೆ ಎಕ್ಸ್‌ಎಂಪಿ ಎಂಬ ಪ್ರೊಫೈಲಾಗಿ ಬರೆದಿಟ್ಟಿರುವ ವೇಗ, ಅದನ್ನು ಬಯಾಸ್‌ಗೆ ಹೋಗಿ ನೀವೇ ಆರಿಸಬೇಕು. ಕೆಲವು ಬೋರ್ಡುಗಳಲ್ಲಿ ಅದೇ ಆಯ್ಕೆಗೆ ಡಿಒಸಿಪಿ ಅಥವಾ ಎ-ಎಕ್ಸ್‌ಎಂಪಿ ಎಂಬ ಹೆಸರಿರುತ್ತದೆ. ಆರಿಸಿ ಉಳಿಸಿದ ಬಳಿಕ ಯಂತ್ರ ಒಂದೆರಡು ಬಾರಿ ತಾನೇ ನಿಂತು ಹೊರಟರೆ ಗಾಬರಿಯಾಗಬೇಡಿ.

ಪ್ರಶ್ನೆ ಕೇಳಿದವರು

ಈಗ 3200 ತೋರಿಸುತ್ತಿದೆ. ಪರಿಚಿತರ ಯಂತ್ರ ತಡವರಿಸುತ್ತಿದ್ದ ಅದೇ ಆಟದ ಅದೇ ಜಾಗದಲ್ಲಿ, ಟೆಕ್ಸ್ಚರ್ ಇಳಿಸದೆಯೇ, ಅರ್ಧ ಗಂಟೆ ಓಡಾಡಿ ನೋಡಿದೆ. ಕಾರ್ಡಿಗೆ ಮೀಸಲಾದ ಮೆಮೊರಿಯ ಬಳಕೆ 6 ಜಿಬಿಯ ಆಸುಪಾಸಿನಲ್ಲಿತ್ತು, ಫ್ರೇಮು 60ಕ್ಕಿಂತ ಕೆಳಗಿಳಿಯಲಿಲ್ಲ. ಪರಿಚಿತರು ತಮ್ಮ ಕಾರ್ಡನ್ನು ಮಾರುವ ಯೋಚನೆಯಲ್ಲಿದ್ದಾರೆ.