ಗೊಂಬೆಯಾಟಕ್ಕೆ ಟ್ರಸ್ಟ್ ಮಾಡ್ತಿದ್ದೇವೆ, ಮೊದಲ ದುಡ್ಡು ಎಲ್ಲಿ ಹಾಕಬೇಕು?

ಅಂಕೋಲಾ ಅಕ್ಕೋರು:

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾ ತಾಲೂಕಿನ ಒಂದು ಶಾಲೆಯಲ್ಲಿ ಪಾಠ ಮಾಡುವವಳು. ಮಾರ್ಚ್ 21 ವಿಶ್ವ ಗೊಂಬೆಯಾಟ ದಿನ ಅಲ್ವಾ, ಆ ನೆಪದಲ್ಲಿ ಮಕ್ಕಳ ಕೈಲಿ ಹಳೆ ಕಾಲುಚೀಲ, ತೆಂಗಿನ ಕರಟ, ಪೇಪರ್ ಮುದ್ದೆ ಸೇರಿಸಿ ಗೊಂಬೆ ಮಾಡಿಸಿದ್ದೆ. ಅದರ ವಿಡಿಯೋ ನೋಡಿ ಹಳೆ ವಿದ್ಯಾರ್ಥಿಗಳಿಗೆ ಹುರುಪು ಬಂತು. ಬೆಂಗಳೂರಲ್ಲಿ ಇರುವವರು, ಊರಲ್ಲಿ ಇರುವವರು ಎಲ್ಲ ಸೇರಿ ಒಂದು ಟ್ರಸ್ಟ್ ಮಾಡುವ ಮಾತಾಗಿದೆ. ಮೂರು ಲಕ್ಷದಷ್ಟು ಹಣ ಕೊಡುವುದಾಗಿ ಒಪ್ಪಿದ್ದಾರೆ.

ಈಗ ಜಗಳ ಶುರು. ಒಬ್ಬರಿಗೆ ಹೆದ್ದಾರಿ ಬದಿ ಗೊಂಬೆಗಳ ಮ್ಯೂಸಿಯಂ ಬೇಕು, ಪ್ರವಾಸಿಗಳು ಬರ್ತಾರಂತೆ. ಇನ್ನೊಬ್ಬರಿಗೆ ಡಿಸೆಂಬರಲ್ಲಿ ಮೂರು ದಿನ ಉತ್ಸವ ಬೇಕು. ನನಗೆ ಮಕ್ಕಳಿಗೆ ಕಲಿಸುವುದು ಮುಖ್ಯ ಅನಿಸುತ್ತದೆ. ಆದರೆ ಏನು ಕಲಿಸಬೇಕು, ಯಾರು ಕಲಿಸಬೇಕು ಅನ್ನುವುದೇ ಸ್ಪಷ್ಟ ಇಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ನಮ್ಮಲ್ಲೊಬ್ಬರು ಮಾಡಿಸಿ ತಂದ ನಾಲ್ಕು ಸೂತ್ರದ ಗೊಂಬೆ ಇವೆ: ರಾಮ, ಸೀತೆ, ಲಕ್ಷ್ಮಣ, ಶೂರ್ಪನಖಿ. ಮಳೆಗಾಲ ಕಳೆದು ಪೆಟ್ಟಿಗೆ ತೆಗೆದರೆ ಶೂರ್ಪನಖಿಯ ಸೀರೆಗೆಲ್ಲ ಬೂಷ್ಟು. ರಾಮನ ಕಿರೀಟದ ಜರಿ ಕಪ್ಪಾಗಿದೆ. ಏನು ಮಾಡಬಹುದು?

ಹಳೇ ಕ್ಯಾಷಿಯರ್, ಹೊನ್ನಾವರ:

ಅಕ್ಕೋರೇ, ಮ್ಯೂಸಿಯಂ ಒಂದು ಬೇಡ. ಕಟ್ಟಡ ಕಟ್ಟಿದ ಮೇಲೆ ಕರೆಂಟ್ ಬಿಲ್ಲು, ಕಾವಲಿನವನ ಸಂಬಳ, ಮಾಡು ಸೋರುವುದು, ಇದರಲ್ಲೇ ಟ್ರಸ್ಟ್ ಮುಗಿದುಹೋಗುತ್ತದೆ. ಗೊಂಬೆ ಗಾಜಿನೊಳಗೆ ನಿಂತಿರುತ್ತದೆ, ಕುಣಿಸುವವ ಹೋಟೆಲಿನಲ್ಲಿ ಸಪ್ಲೈಯರ್ ಆಗಿರುತ್ತಾನೆ.

ನಾನು ಬ್ಯಾಂಕಿನಿಂದ ನಿವೃತ್ತಿ ಆದವ. ಅಲ್ಪಸ್ವಲ್ಪ ಮದ್ದಳೆ ಬಾರಿಸುತ್ತೇನೆ. ಅದೇ ಕಾರಣಕ್ಕೆ ಒಂದು ಸಣ್ಣ ಗೊಂಬೆಯಾಟದ ಸಂಘದ ಲೆಕ್ಕ ನನ್ನ ತಲೆಗೆ ಬಿತ್ತು. ಲೆಕ್ಕದ ಪುಸ್ತಕ ನೋಡಿದರೆ ಈ ಕಲೆಯ ಕಷ್ಟ ಎಲ್ಲಿದೆ ಅಂತ ಗೊತ್ತಾಗುತ್ತದೆ, ಅದನ್ನೇ ಹೇಳ್ತೇನೆ.

ಒಂದು ಆಟಕ್ಕೆ ಎಷ್ಟು ಜನ ಬೇಕು ನೋಡಿ. ಗೊಂಬೆ ಕುಣಿಸುವವರು ಮೂವರು. ಪದ ಹೇಳುವ ಭಾಗವತರು, ಮದ್ದಳೆ, ಚಂಡೆ. ಮಾತು ಹೇಳುವವರು ಇಬ್ಬರು. ಪರದೆ, ಲೈಟು, ಪೆಟ್ಟಿಗೆ ನೋಡಿಕೊಳ್ಳಲು ಒಬ್ಬ. ಒಂಬತ್ತು ಜನ ಆಯ್ತು. ಮೇಲೆ ಟೆಂಪೋ ಬಾಡಿಗೆ. ಆದರೆ ಕರೆಸುವವರ ಕಣ್ಣಿಗೆ ಬೀಳುವುದು ಎರಡಡಿಯ ಎರಡು ಗೊಂಬೆ ಮಾತ್ರ! "ಗೊಂಬೆ ಆಟ ಅಲ್ವಾ ಮಾರಾಯ್ರೆ, ಸ್ವಲ್ಪ ಕಮ್ಮಿ ಮಾಡಿ" ಅಂತಾರೆ. ಗೊಂಬೆಗಳಿಗೆ ಸಂಬಳ ಇಲ್ಲ ಅನ್ನುವುದು ನಿಜ, ಒಪ್ಪುವ. ಉಳಿದ ಒಂಬತ್ತು ಜನ ಮರದಿಂದ ಮಾಡಿದವರಲ್ಲವಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಹಿಮ್ಮೇಳ, ಅಂದರೆ ಹಾಡು ಮತ್ತು ವಾದ್ಯದವರು. ಯಕ್ಷಗಾನ ಗೊಂಬೆಯಾಟಕ್ಕೆ ಬೇಕಾದ ಭಾಗವತರು, ಮದ್ದಳೆಯವರು ಬಯಲಾಟದ ಮೇಳಗಳಿಗೂ ಬೇಕಾದವರೇ. ನವೆಂಬರಿನಿಂದ ಮೇ ತನಕ ಮೇಳಗಳ ತಿರುಗಾಟ. ಗೊಂಬೆಯಾಟಕ್ಕೆ ಕರೆ ಬರುವುದೂ ಅದೇ ಕಾಲದಲ್ಲಿ. ಒಳ್ಳೆಯ ಭಾಗವತರು ಮೇಳ ಬಿಟ್ಟು ನಮ್ಮಲ್ಲಿಗೆ ಯಾಕೆ ಬರ್ತಾರೆ? ಹಾಗಾಗಿ ಗೊಂಬೆ ಇದೆ, ಕುಣಿಸುವವ ಇದ್ದಾನೆ, ಪದ ಹೇಳುವವರಿಲ್ಲ ಅಂತ ಆಟ ಬಿಟ್ಟುಕೊಡಬೇಕಾಗುತ್ತದೆ.

ನಿಮ್ಮ ಮೂರು ಲಕ್ಷ ಅಲ್ಲಿ ಹಾಕಿ. ಜೂನಿನಿಂದ ಸೆಪ್ಟೆಂಬರ್ ತನಕ ಹೆಚ್ಚಿನ ಕಲಾವಿದರು ಮನೆಯಲ್ಲೇ ಇರ್ತಾರೆ. ಆ ನಾಲ್ಕು ತಿಂಗಳು ಒಬ್ಬ ಭಾಗವತರಿಗೆ, ಒಬ್ಬ ಮದ್ದಳೆಯವರಿಗೆ ಕಲಿಸುವ ಸಂಬಳ ಕೊಡಿ. ಕಲಿಯುವ ಹುಡುಗ ಹುಡುಗಿಯರಿಗೆ ಬಸ್ ಚಾರ್ಜು, ಚಾ ತಿಂಡಿ ಕೊಡಿ. ಬಸ್ ಚಾರ್ಜು ಕೊಟ್ಟರೆ ಮಳೆಯಲ್ಲೂ ಬರ್ತಾರೆ, ಕೊಡದಿದ್ದರೆ ಎರಡನೇ ವಾರಕ್ಕೆ ಅರ್ಧ ಜನ ಖಾಲಿ. ನಮ್ಮ ಜಿಲ್ಲೆಯಲ್ಲೇ ನೋಡಿ. ಕೆರೆಮನೆ ಮೇಳ ಶುರುವಾಗಿದ್ದು 1934ರಲ್ಲಿ. ಇವತ್ತಿಗೂ ಗುಣವಂತೆಯಲ್ಲಿ ಮಕ್ಕಳಿಗೆ ಕಲಿಸುತ್ತಲೇ ಇದ್ದಾರೆ. ಮೇಳ ಉಳಿದದ್ದರಲ್ಲಿ ಅದರ ಪಾಲು ದೊಡ್ಡದು ಅಂತ ನನ್ನ ಎಣಿಕೆ.

ಕುಣಿಸುವುದು ಕಲಿಯಲಿಕ್ಕೆ ಮಾತ್ರ ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿಗೆ ಹೋಗಿ ಬನ್ನಿ. ಕೊಗ್ಗ ಕಾಮತರ ಮನೆತನದ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿ ಇರುವುದು ಅಲ್ಲಿ. ಈಗ ಅವರ ಮಗ ಭಾಸ್ಕರ ಕೊಗ್ಗ ಕಾಮತರು ನಡೆಸ್ತಾರೆ. ಗೊಂಬೆಯನ್ನು ಎದುರಿನಿಂದ ನೋಡಬೇಡಿ, ಆಗುವುದಾದರೆ ಕೇಳಿಕೊಂಡು ಪರದೆಯ ಹಿಂದೆ ಹೋಗಿ ನೋಡಿ. ಕುಣಿಸುವವನಿಗೆ ಗೊಂಬೆಯ ಮುಖ ಕಾಣುವುದೇ ಇಲ್ಲ. ಅವನು ಹಿಂದೆ, ಮೇಲಿನಿಂದ ಬಗ್ಗಿ ನಿಂತಿರುತ್ತಾನೆ. ಅವನಿಗೆ ಗೊತ್ತಾಗುವುದು ಬೆರಳಿಗೆ ಬರುವ ಭಾರ ಒಂದೇ. ಗೊಂಬೆಯ ಕಾಲು ಹಲಗೆಗೆ ತಾಗಿದರೆ ದಾರ ತುಸು ಸಡಿಲ ಆಗುತ್ತದೆ. ಕೈ ಅರ್ಧ ಇಂಚು ಮೇಲೆ ಹೋದರೆ ಸಾಕು, ಕಾಲು ನೆಲ ಬಿಡುತ್ತದೆ. ಆಮೇಲೆ ರಾಮ ನಡೆಯುವುದಿಲ್ಲ, ತೇಲುತ್ತಾನೆ. ಹೊಸಬರೆಲ್ಲ ತೇಲಿಸುತ್ತಾರೆ. ಭುಜ ನೋಯ್ತದೆ ಅಂತ ಕೈ ಏರಿಸಿ ಇಳಿಸಿ ಮಾಡುವುದರಿಂದ ಹಾಗಾಗುವುದು. ಇದನ್ನು ವಿಡಿಯೋ ನೋಡಿ ಕಲಿಯಲಿಕ್ಕೆ ಆಗುವುದಿಲ್ಲ. ಹಿಂದೆ ನಿಂತು ಕೈ ಹಿಡಿದು ತಗ್ಗಿಸುವವರು ಬೇಕು.

ಶಿರಸಿ ಪೇಟೆ:

ಕ್ಯಾಷಿಯರ್ ಸಾಹೇಬ್ರು ಹೇಳಿದ್ದರಲ್ಲಿ ಅರ್ಧ ಒಪ್ಪಿದೆ. ಕಲಿಸುವುದು ಬೇಕು. ಆದರೆ ಕಲಿತವರ ಆಟ ನೋಡುವವರು ಯಾರು? ನಮ್ಮಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ಜನಜಂಗುಳಿಯಲ್ಲಿ ಒಂದು ಸಣ್ಣ ಗೊಂಬೆ ರಂಗ ಹಾಕಿ ನೋಡಿ, ಮಕ್ಕಳು ಜಾಗ ಬಿಟ್ಟು ಏಳುವುದಿಲ್ಲ. ಉತ್ಸವ ಅಂದರೆ ಸುಮ್ನೆ ಖರ್ಚು ಅಂತ ತಳ್ಳಿಹಾಕಬೇಡಿ. ಬೆಂಗಳೂರಿನಲ್ಲಿ ಅನುಪಮಾ ಹೊಸಕೆರೆಯವರ ಧಾತು ಸಂಸ್ಥೆ ಗೊಂಬೆ ಉತ್ಸವ ಮಾಡಿಯೇ ಪೇಟೆಯ ಜನರಿಗೆ ಇದರ ರುಚಿ ಹತ್ತಿಸಿದ್ದು. ಹೊರದೇಶದ ತಂಡಗಳನ್ನೂ ಕರೆಸ್ತಾರೆ.

ಹಿಮ್ಮೇಳ ಸಿಗದಿದ್ದರೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಒಂದು ಪೆನ್‌ಡ್ರೈವ್, ಒಂದು ಸ್ಪೀಕರ್, ಮೂರು ಜನ. ಒಂದೇ ಕಾರಿನಲ್ಲಿ ಯಲ್ಲಾಪುರ, ಜೋಯಿಡಾ ಶಾಲೆಗಳಿಗೂ ಹೋಗಬಹುದು. ಒಂಬತ್ತು ಜನರನ್ನು ಕಟ್ಟಿಕೊಂಡು ಘಟ್ಟದ ಮೇಲಿನ ಶಾಲೆಗೆ ಯಾರು ಬರ್ತಾರೆ ಹೇಳಿ?

ಇನ್ನೊಂದು. ಗೊಂಬೆ ಕೆತ್ತಿಸಲು ದೂರ ಹೋಗುವುದು ಯಾಕೆ? ಶಿರಸಿ, ಸಾಗರ, ಸೊರಬದಲ್ಲಿ ಗುಡಿಗಾರರು ಇದ್ದಾರೆ. ಗಂಧದ ಕೆತ್ತನೆಯ ಕೈ ಅದು. ಕೆಲಸ ಕೊಟ್ಟರೆ ಹಗುರ ಮರದಲ್ಲಿ ಗೊಂಬೆಯ ತಲೆ ಮಾಡಿಕೊಡಲಾರರೇ?

ಹಳೇ ಕ್ಯಾಷಿಯರ್, ಹೊನ್ನಾವರ:

ಗುಡಿಗಾರರ ಮಾತು ಚೆನ್ನಾಗಿದೆ. ಅದು ನನಗೆ ಹೊಳೆದಿರಲಿಲ್ಲ. ತಲೆ, ಅಂಗೈ, ಪಾದ ಅವರು ಮಾಡಲಿ. ಕೀಲು ಮತ್ತು ತೂಕ ಮಾತ್ರ ಕುಣಿಸುವವ ಪಕ್ಕದಲ್ಲೇ ಕೂತು ಹೇಳಬೇಕು. ನೋಡಲು ಚೆಂದದ ತಲೆ ಭಾರ ಆದರೆ ಗೊಂಬೆ ಇಡೀ ರಾತ್ರಿ ತೂಕಡಿಸುತ್ತದೆ.

ರೆಕಾರ್ಡ್ ಮಾತ್ರ ನನಗೆ ಆಗುವುದಿಲ್ಲ ಸ್ವಾಮಿ. ಶೂರ್ಪನಖಿಯ ಪ್ರವೇಶದಲ್ಲಿ ದಾರ ಸಿಕ್ಕಿಕೊಂಡಿತು ಅಂತ ಇಟ್ಟುಕೊಳ್ಳಿ. ಭಾಗವತರು ಎದುರಿಗಿದ್ದರೆ ಪದದ ಅದೇ ಸಾಲನ್ನು ಮತ್ತೆ ಎತ್ತಿಕೊಳ್ತಾರೆ, ಚಂಡೆಯವ ನಡುವೆ ಬಾರಿಸುವ ಒಂದು ಬಿಡ್ತಿಗೆ ಹಾಕ್ತಾನೆ, ಅಷ್ಟರೊಳಗೆ ದಾರ ಬಿಡಿಸಿ ಆಗುತ್ತದೆ. ಜನರಿಗೆ ಗೊತ್ತೇ ಆಗುವುದಿಲ್ಲ. ಪೆನ್‌ಡ್ರೈವ್ ನಿಲ್ಲುತ್ತದೆಯೇ? ಮಕ್ಕಳು ನಕ್ಕರೆ ಆ ನಗು ಮುಗಿಯುವ ತನಕ ಕಾಯುತ್ತದೆಯೇ? ಜೋಯಿಡಾಕ್ಕೆ ಒಂಬತ್ತು ಜನ ಬೇಡ. ಒಬ್ಬರು ಪದ ಹೇಳಿ ತಾಳ ಹಾಕಿದರೆ, ಒಬ್ಬರು ಮದ್ದಳೆ ಹಿಡಿದರೆ, ಇಬ್ಬರು ಕುಣಿಸುತ್ತ ಮಾತನ್ನೂ ಹೇಳಿದರೆ ಮುಕ್ಕಾಲು ಗಂಟೆಯ ಪ್ರಸಂಗ ಮಾಡಬಹುದು. ನಾಲ್ಕೇ ಜನ. ನಿಮ್ಮ ಮೂವರಿಗಿಂತ ಒಬ್ಬ ಜಾಸ್ತಿ.

ಲೆಕ್ಕಪತ್ರ ಕಾರವಾರ:

ನೋಂದಣಿ ಬಗ್ಗೆ ಚುಟುಕಾಗಿ. ಟ್ರಸ್ಟ್ ಆದರೆ ಡೀಡ್ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಸಂಘ ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, ಕನಿಷ್ಠ ಏಳು ಜನ ಬೇಕು. ಪ್ಯಾನ್, ಬ್ಯಾಂಕ್ ಖಾತೆ ಮೊದಲ ವಾರದಲ್ಲೇ ಮಾಡಿ. ದಾನಿಗಳು ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಸಿಗುವ 80ಜಿ ಕೇಳ್ತಾರೆ, ಆ ಅರ್ಜಿ ಬೇಗ ಹಾಕಿ.

ಉತ್ಸವ ಮಾಡಿದರೆ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಸಿಎಸ್‌ಆರ್ ಹಣ ಬರುತ್ತದೆ ಅಂತ ನಿಮ್ಮಲ್ಲಿ ಯಾರಾದರೂ ಲೆಕ್ಕ ಹಾಕಿದ್ದರೆ ನಿಲ್ಲಿಸಿ. ಸಾಂಪ್ರದಾಯಿಕ ಕಲೆಗೆ ಆ ಹಣ ಕೊಡಬಹುದು, 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲೇ ಇದೆ. ಆದರೆ ಕಂಪನಿ ತನ್ನದಲ್ಲದ ಟ್ರಸ್ಟಿಗೆ ಕೊಡಬೇಕಾದರೆ ಆ ಟ್ರಸ್ಟ್ ಕನಿಷ್ಠ ಮೂರು ವರ್ಷ ಅದೇ ರೀತಿಯ ಕೆಲಸ ಮಾಡಿರಬೇಕು. ಸಿಎಸ್‌ಆರ್-1 ಅನ್ನುವ ಸರ್ಕಾರಿ ನೋಂದಣಿಯೂ ಬೇಕು. ಅಲ್ಲಿಯ ತನಕ ನಿಮ್ಮ ಹಳೆ ವಿದ್ಯಾರ್ಥಿಗಳೇ ಗತಿ. ಕಲಿಕೆಯ ಹಾಜರಿ ಪುಸ್ತಕ, ಕಲಾವಿದರಿಗೆ ಕೊಟ್ಟ ಹಣದ ರಸೀದಿ, ಆಟದ ಫೋಟೋ ಮೊದಲ ದಿನದಿಂದ ಇಟ್ಟುಕೊಳ್ಳಿ. ಮೂರು ವರ್ಷದ ಮೇಲೆ ತೋರಿಸಲು ಅದೇ ಆಧಾರ.

ವೇಷಭೂಷಣ ಕುಮಟಾ:

ಅಕ್ಕೋರೇ, ಬೂಷ್ಟಿಗೆ ನಾನು ಹೇಳ್ತೇನೆ, ಯಕ್ಷಗಾನದ ಬಟ್ಟೆಗಳ ಜೊತೆ ಏಗುವುದೇ ನನ್ನ ಕೆಲಸ. ನಿಮ್ಮ ಗೊಂಬೆ ಪ್ಲಾಸ್ಟಿಕ್ ಚೀಲದಲ್ಲಿ ಇದ್ದವೇ? ಹಾಗಾದರೆ ಅದೇ ಕಾರಣ. ನಮ್ಮ ಕರಾವಳಿಯ ಹವೆಗೆ ಪ್ಲಾಸ್ಟಿಕ್ ಸುತ್ತಿದರೆ ತೇವ ಒಳಗೇ ಕೂರುತ್ತದೆ. ಸೀರೆ ಬಿಚ್ಚಿ, ಮನೆ ಹೊರಗೆ ಮೆತ್ತನೆ ಬ್ರಶ್ಶಲ್ಲಿ ಬೂಷ್ಟು ಕೊಡವಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಟ್ಟೆಯನ್ನು ಬಿಸಿಲಿಗೆ ಹಾಕಿ, ಮರದ ಮೈಯನ್ನು ಮಾತ್ರ ನೆರಳಲ್ಲೇ ಆರಿಸಿ. ನೇರ ಬಿಸಿಲಿಗೆ ಬಣ್ಣ ಬಿರಿಯುತ್ತದೆ.

ಆಮೇಲೆ ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ. ಪೆಟ್ಟಿಗೆ ನೆಲಕ್ಕೆ ತಾಗಬಾರದು, ಅಡಿಗೆ ಎರಡು ಮರದ ರೀಪು ಇಡಿ. ಒಳಗೆ ಬಜೆ ಬೇರು, ಒಣಗಿದ ಬೇವಿನ ಸೊಪ್ಪು ಹಾಕಿ. ಮಳೆಗಾಲದಲ್ಲಿ ಮಳೆ ಬಿಟ್ಟು ಹೊಳವಾದ ದಿನ ಮುಚ್ಚಳ ತೆಗೆದಿಡಿ. ದಾರಗಳನ್ನು ಹಿಡಿಕೆಗೆ ಸುತ್ತಿಡಲು ಮರೆಯಬೇಡಿ, ಇಲ್ಲದಿದ್ದರೆ ಬಿಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಕಪ್ಪಾದ ಜರಿ ಹೋಯ್ತು ಅಂತಲೇ ತಿಳಿಯಿರಿ, ಹೊಸದು ಹಾಕಿಸಿ. ಉಜ್ಜಿದರೆ ನೂಲೇ ಕಿತ್ತುಬರುತ್ತದೆ.

ಯಾರಾದರೂ ತೊಗಲುಗೊಂಬೆ ತಂದುಕೊಡ್ತೇವೆ ಅಂದರೆ ಎರಡು ಸಲ ಯೋಚನೆ ಮಾಡಿ. ಕೊಪ್ಪಳ, ಬಳ್ಳಾರಿಯ ಒಣ ಹವೆಯಲ್ಲಿ ಬೆಳೆದ ಕಲೆ ಅದು. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ನೋಡಿದರಲ್ಲ. ನಮ್ಮ ಜುಲೈಯಲ್ಲಿ ಆ ತೊಗಲು ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಆ ತಂಡಗಳನ್ನು ಬೇಸಿಗೆಯಲ್ಲಿ ಕರೆಸಿ ಆಟ ಆಡಿಸಿ. ಗೊಂಬೆ ಅವರ ಹತ್ತಿರವೇ ಇರಲಿ.

ಅಂಕೋಲಾ ಅಕ್ಕೋರು:

ಪ್ಲಾಸ್ಟಿಕ್ ಚೀಲವೇ ಹೌದು! ಇವತ್ತೇ ತೆಗೆಸ್ತೇನೆ. ಮ್ಯೂಸಿಯಂ ಕೇಳಿದವರಿಗೆ ಈ ಚರ್ಚೆ ಕಳಿಸಿದೆ, ಇನ್ನೂ ಉತ್ತರ ಇಲ್ಲ. ಉತ್ಸವದವರು ಮಾತ್ರ ಒಂದು ಸಂಜೆಯ ಆಟಕ್ಕೆ ಇಳಿದಿದ್ದಾರೆ.

ಕ್ಯಾಷಿಯರ್ ಸರ್, ಒಂದು ಸಂಶಯ. ನನ್ನ ತರಗತಿಯಲ್ಲಿ ಚೆನ್ನಾಗಿ ಹಾಡುವವರು ಹೆಚ್ಚಿನವರು ಹುಡುಗಿಯರು. ಭಾಗವತಿಕೆ ಅವರಿಗೆ ಕಲಿಸಬಹುದಲ್ಲ? ಮತ್ತೆ ಕಲಿಸುವವರಿಗೆ ತಿಂಗಳ ಸಂಬಳ ಕೊಡುವುದೋ, ದಿನದ ಲೆಕ್ಕವೋ?

ಹಳೇ ಕ್ಯಾಷಿಯರ್, ಹೊನ್ನಾವರ:

ಧಾರಾಳ ಕಲಿಸಿ. ಹುಡುಗಿಯರ ಶ್ರುತಿ ಏರು, ಮದ್ದಳೆಯನ್ನು ಅದಕ್ಕೆ ಹೊಂದಿಸಿದರಾಯ್ತು. ಮಹಿಳಾ ಭಾಗವತರು ಈಗ ಅಪರೂಪ ಏನಲ್ಲ.

ತಿಂಗಳ ಸಂಬಳವೇ ಕೊಡಿ. ದಿನದ ಲೆಕ್ಕ ಇಟ್ಟರೆ ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟಾಗೆಲ್ಲ ಅವರಿಗೆ ನಷ್ಟ. ಉತ್ತರ ಕನ್ನಡದ ಜುಲೈ ನಿಮಗೆ ನಾನು ಹೇಳಬೇಕೇ? ಐದನೇ ತಾರೀಕಿನ ಒಳಗೆ ಅವರ ಖಾತೆಗೇ ಹಾಕಿ, ಕವರಿನಲ್ಲಿ ಬೇಡ. ಲೆಕ್ಕಪತ್ರದವರು ಹೇಳಿದ ರಸೀದಿಯೂ ಆಯ್ತು, ಮರ್ಯಾದೆಯೂ ಆಯ್ತು. ನನ್ನ ಹತ್ತಿರ ಒಂದು ಹೆಚ್ಚಿನ ಮದ್ದಳೆ ಇದೆ, ಒಂದು ಬದಿಯ ಮುಚ್ಚಿಗೆ, ಅಂದರೆ ಚರ್ಮದ ಹೊದಿಕೆ, ಬದಲಿಸಬೇಕು. ಅದರ ಖರ್ಚು ಟ್ರಸ್ಟ್ ಕೊಡುವುದಾದರೆ ಜೂನಿನ ಒಳಗೆ ಸರಿಮಾಡಿಸಿ ಅಂಕೋಲಾಕ್ಕೆ ತಲುಪಿಸುತ್ತೇನೆ.